ಶ್ರೇಢಿ ಪಾಠಕ್ಕೆ ಮೊದಲು ಕೂಲಿ ಲೆಕ್ಕ ಕೊಡಿ

ಹಾವೇರಿ ಕಡೆ ಹತ್ತನೇ ತರಗತಿಗೆ ಗಣಿತ ಹೇಳುವವರಿಗೆ ಒಂದು ಸಲಹೆ. ಸಮಾಂತರ ಶ್ರೇಢಿ, ಅಂದರೆ ಪ್ರತಿ ಸಲ ಒಂದೇ ಮೊತ್ತ ಕೂಡುತ್ತಾ ಹೋಗುವ ಸಂಖ್ಯೆಗಳ ಸಾಲು, ಅದರ ಸೂತ್ರವನ್ನು ಮೊದಲೇ ಬೋರ್ಡಿನ ಮೇಲೆ ಬರೆಯಬೇಡಿ. ಒಂದು ಪ್ರಶ್ನೆ ಕೇಳಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಇದೆ ಅಂದುಕೊಳ್ಳಿ. ಒಬ್ಬರು ಮೊದಲ ದಿನ 100 ರೂಪಾಯಿ ಕೊಟ್ಟು, ಆಮೇಲೆ ದಿನಕ್ಕೆ 50 ಜಾಸ್ತಿ ಮಾಡುತ್ತಾ ಹೋಗುತ್ತಾರೆ. ಇನ್ನೊಬ್ಬರು ಮೊದಲ ದಿನ ಬರೀ 1 ರೂಪಾಯಿ, ಆಮೇಲೆ ದಿನಾ ದುಪ್ಪಟ್ಟು. ಯಾರ ಹತ್ತಿರ ಹೋಗುತ್ತೀರಿ?

ಹೆಚ್ಚಿನ ಮಕ್ಕಳು 100 ರೂಪಾಯಿಗೇ ಕೈ ಎತ್ತುತ್ತಾರೆ. ಎತ್ತಲಿ, ತಿದ್ದಬೇಡಿ. ಸುಮ್ನೆ ಎರಡು ಸಾಲು ಹಾಕಿಸಿ, ಆಯಾ ದಿನದವರೆಗಿನ ಒಟ್ಟು ಕೂಲಿ ಬರೆಸಿ. 12ನೇ ದಿನದವರೆಗೂ ಅವರ ಆಯ್ಕೆಯೇ ಸರಿ. ಅವತ್ತಿಗೆ ಈ ಕಡೆ 4,500, ಆ ಕಡೆ 4,095. ಆದರೆ 13ನೇ ದಿನ 5,200ಕ್ಕೆ ಎದುರಾಗಿ 8,191! ಇಲ್ಲಿ ಅವಸರ ಮಾಡಬೇಡಿ. ಮಕ್ಕಳು ಮತ್ತೆ ಮತ್ತೆ ಕೂಡಿ ನೋಡಲಿ. 30ನೇ ದಿನ ಎಷ್ಟು ಎಂದು ಕೇಳಿದರೆ ಸೂತ್ರ ಕೊಡಿ ಎಂದು ಅವರೇ ಕೇಳುತ್ತಾರೆ.

ಮರುದಿನ ಸಾಲದ ಲೆಕ್ಕ. ನನಗೆ ಇದೇ ಮುಖ್ಯ, ಯಾಕೆಂದರೆ ಬಿತ್ತನೆ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಕೈಸಾಲ ಇರುತ್ತದೆ. 10,000 ರೂಪಾಯಿ, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ. ಸರಳ ಬಡ್ಡಿಯಾದರೆ 10,200, 10,400, 10,600. ಇದು ಸಮಾಂತರ ಶ್ರೇಢಿ. ತಿಂಗಳ ಚಕ್ರಬಡ್ಡಿಯಾದರೆ ಎರಡನೇ ತಿಂಗಳು 10,404. ಇದು ಗುಣೋತ್ತರ ಶ್ರೇಢಿ, ಅಂದರೆ ಪ್ರತಿ ಸಲ ಒಂದೇ ಸಂಖ್ಯೆಯಿಂದ ಗುಣಿಸುತ್ತಾ ಹೋಗುವ ಸಾಲು. ನಾಲ್ಕೇ ರೂಪಾಯಿ ವ್ಯತ್ಯಾಸ ಅಲ್ವಾ ಅನಿಸುತ್ತದೆ. ಏನೂ ಕಟ್ಟದೆ ಮೂರು ವರ್ಷ ಬಿಟ್ಟರೆ ಒಂದು 17,200, ಇನ್ನೊಂದು ಸುಮಾರು 20,400. ಈ ಲೆಕ್ಕಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಕೊಡಿ, ಗುಣಾಕಾರದಲ್ಲೇ ಮಕ್ಕಳು ಸುಸ್ತಾಗಬಾರದು.