ಕರೆಂಟ್ ಹೋದರೂ ಟ್ರಿಂಗ್ ಟ್ರಿಂಗ್: ಹಳೇ ಫೋನಿನ ಗಂಟೆ ಬಿಚ್ಚಿ ನೋಡುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಷಾಢದ ಮಳೆ ಹಿಡಿದರೆ ಮೂರು ಮೂರು ದಿನ ಕರೆಂಟ್ ಇರುತ್ತಿರಲಿಲ್ಲ. ಆದರೆ ಜಗಲಿಯ ಕಪ್ಪು ಫೋನ್ ಹೊಡೆದುಕೊಳ್ಳುತ್ತಿತ್ತು. ಶಿವಮೊಗ್ಗದ ಮಂಡಿಯಿಂದ ಅಡಿಕೆ ರೇಟು ಹೇಳಲು ಯಾರಾದರೂ ಮಾಡಿರುತ್ತಿದ್ದರು.

"ಕರೆಂಟೇ ಇಲ್ಲ, ಇದು ಹೆಂಗೆ ಹೊಡ್ಕೊಳ್ತದೆ ಅಜ್ಜಯ್ಯ?"

"ಅದರ ಕರೆಂಟು ಅದರ ತಂತೀಲೇ ಬರ್ತದೆ ಮಾರಾಯ."

ಅಜ್ಜಯ್ಯ ಹೇಳಿದ್ದು ಪೂರ್ತಿ ಸರಿ. ನಿಮ್ಮ ಅಟ್ಟದಲ್ಲೂ ಅಂಥದ್ದೊಂದು ಡಯಲ್ ಫೋನ್ ಇದ್ದರೆ ಕೆಳಗಿಳಿಸಿ, ಧೂಳು ಒರೆಸಿ. ಒಂದು ಸ್ಕ್ರೂ ಡ್ರೈವರ್ ಸಾಕು.

1. ಮೊದಲು ಲೈನ್ ತೆಗೆಯಿರಿ

ಇದನ್ನು ಮರೆಯಬೇಡಿ. ತಾಮ್ರದ ಲೈನಿನಲ್ಲಿ ಯಾವಾಗಲೂ ಸುಮಾರು 48 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಇರುತ್ತದೆ. ಒಣ ಕೈಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಗಂಟೆ ಹೊಡೆಸುವಾಗ ಎಕ್ಸ್‌ಚೇಂಜ್, ಅಂದರೆ ಊರಿನ ಫೋನ್ ಲೈನುಗಳನ್ನೆಲ್ಲ ಕೂಡಿಸುವ ಕೇಂದ್ರ, ಅದೇ ಜೋಡಿ ತಂತಿಗೆ 75 ವೋಲ್ಟ್ ಆಸುಪಾಸಿನ ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟು) ಬಿಡುತ್ತದೆ. ಅದು ಹೊಡೆದರೆ ಕೈ ಜುಮ್ ಅನ್ನುತ್ತದೆ. ಗಂಟೆ ಹೊಡೆಸಿ ನೋಡಲು ಮನೆಯ 230 ವೋಲ್ಟ್ ಪ್ಲಗ್ಗಿಗಂತೂ ಫೋನನ್ನು ಸಿಕ್ಕಿಸಲೇಬೇಡಿ.

2. ಗಂಟೆ ಹುಡುಕಿ

ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ಎತ್ತಿದರೆ ಎರಡು ಲೋಹದ ಬಟ್ಟಲುಗಳು ಕಾಣುತ್ತವೆ. ನಡುವೆ ಒಂದು ಪುಟ್ಟ ಸುತ್ತಿಗೆ. ಅದರ ಬುಡದಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲ್, ಪಕ್ಕದಲ್ಲೊಂದು ಕಾಯಂ ಅಯಸ್ಕಾಂತ. ಎಸಿ ಕರೆಂಟು ದಿಕ್ಕು ಬದಲಿಸಿದ ಹಾಗೆಲ್ಲ ಕಾಯಿಲ್ ಸುತ್ತಿಗೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತದೆ. ನಮ್ಮ ದೇಶದಲ್ಲಿ ಗಂಟೆಯ ಕರೆಂಟು ಸೆಕೆಂಡಿಗೆ ಸುಮಾರು 25 ಆವರ್ತನದ್ದು. ಒಂದೊಂದು ಆವರ್ತನಕ್ಕೆ ದಿಕ್ಕು ಎರಡು ಸಲ ಬದಲಾಗುತ್ತದೆ, ಅಂದರೆ ಸುತ್ತಿಗೆ ಸೆಕೆಂಡಿಗೆ 50 ಸಲ ಬಡಿಯುತ್ತದೆ. ಅದಕ್ಕೇ ಬಿಡಿ ಬಿಡಿ ಟಣ್ ಕೇಳುವುದಿಲ್ಲ, ಒಂದೇ ಟ್ರಿಂಗ್ ಕೇಳುತ್ತದೆ. ಬೆರಳಲ್ಲಿ ಸುತ್ತಿಗೆಯನ್ನು ಅಲ್ಲಾಡಿಸಿ ನೋಡಿ. ಎರಡು ಬಟ್ಟಲಿನ ಸ್ವರ ಬೇರೆ ಬೇರೆ ಇರುತ್ತದೆ. ನನಗೆ ಈಗಿನ ಯಾವ ರಿಂಗ್‌ಟೋನೂ ಆ ಜೋಡಿ ಸ್ವರಕ್ಕೆ ಸಮ ಅನ್ನಿಸುವುದಿಲ್ಲ.

ದನಿ ಮಂಕಾಗಿದ್ದರೆ ಬಟ್ಟಲಿನ ಸ್ಕ್ರೂ ಸ್ವಲ್ಪ ಸಡಿಲಿಸಿ, ಬಟ್ಟಲನ್ನು ನಿಧಾನ ತಿರುಗಿಸಿ. ಸಾಮಾನ್ಯವಾಗಿ ಅದರ ತೂತು ಸರಿ ನಡುವೆ ಇರುವುದಿಲ್ಲ. ಹಾಗಾಗಿ ತಿರುಗಿಸಿದಂತೆ ಸುತ್ತಿಗೆಗೆ ಹತ್ತಿರವಾಗುತ್ತದೆ ಅಥವಾ ದೂರ ಸರಿಯುತ್ತದೆ.

3. ಕಂಡೆನ್ಸರ್ ನೋಡಿ

ಗಂಟೆಯ ದಾರಿಯಲ್ಲಿ ಒಂದು ಕಂಡೆನ್ಸರ್ ಇದೆ. ಅದು ಡಿಸಿಯನ್ನು ತಡೆಯುತ್ತದೆ, ಎಸಿಯನ್ನು ಬಿಡುತ್ತದೆ. ಹಾಗಾಗಿ 48 ವೋಲ್ಟ್ ಹಗಲೂ ರಾತ್ರಿ ಬಾಗಿಲಲ್ಲೇ ನಿಂತಿದ್ದರೂ ಗಂಟೆ ಸುಮ್ನೆ ಇರುತ್ತದೆ. ಕರೆ ಬಂದಾಗ ಮಾತ್ರ ಹೊಡೆಯುತ್ತದೆ.

4. ಈಗ ರಿಸೀವರ್ ಎತ್ತಿ

ರಿಸೀವರ್ ಇಡುವ ಗುಂಡಿಯ ಕೆಳಗೆ ಲೋಹದ ಪಟ್ಟಿಗಳು ಒಂದನ್ನೊಂದು ಮುಟ್ಟುವುದು, ಬಿಡುವುದು ಕಾಣುತ್ತದೆ. ಎತ್ತಿದ ಕೂಡಲೇ ಡಿಸಿಗೆ ದಾರಿ ತೆರೆಯುತ್ತದೆ, ಲೈನಿನಲ್ಲಿ ಕರೆಂಟು ಹರಿಯುತ್ತದೆ. ಎಕ್ಸ್‌ಚೇಂಜಿಗೆ "ಮನೆಯವರು ಎತ್ತಿದರು" ಅಂತ ಗೊತ್ತಾಗುವುದು ಅಷ್ಟರಿಂದಲೇ. ತಕ್ಷಣ ಅದು ಗಂಟೆ ನಿಲ್ಲಿಸಿ ಮಾತಿನ ದಾರಿ ಕೂಡಿಸುತ್ತದೆ. ಇದಕ್ಕೆ ಬೇರೆ ತಂತಿ ಇಲ್ಲ. ಗಂಟೆ, ಉತ್ತರ, ಮಾತು ಎಲ್ಲವೂ ಅದೇ ಎರಡು ಎಳೆಯಲ್ಲಿ!

ಈ ಕರೆಂಟು ಬರುತ್ತಿದ್ದುದು ಎಕ್ಸ್‌ಚೇಂಜಿನ ದೊಡ್ಡ ದೊಡ್ಡ ಬ್ಯಾಟರಿಗಳಿಂದ. ಊರಿನ ಕರೆಂಟ್ ಹೋದರೂ ಅವು ನಡೆಯುತ್ತಿದ್ದವು. ಹಳೇ ಎಕ್ಸ್‌ಚೇಂಜುಗಳಲ್ಲಿ ಗಂಟೆಯ ಎಸಿಗೆಂದೇ ತಿರುಗುವ ಯಂತ್ರ ಇರುತ್ತಿತ್ತು. ಆಮೇಲೆ ಎಲೆಕ್ಟ್ರಾನಿಕ್ಸ್ ಬಂತು. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತಯಾರಿಸಿದ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲೇ, 1986ರಲ್ಲಿ. ತಂಪು ಮಾಡಿದ ಹವಾನಿಯಂತ್ರಿತ ಕೋಣೆ ಬೇಡದ ಅಂಥ ಪುಟ್ಟ ಯಂತ್ರ ಹಳ್ಳಿಗಳಿಗೆ ಎಷ್ಟು ದೊಡ್ಡ ಉಪಕಾರ ಮಾಡಿತು ಅನ್ನುವುದನ್ನು ನಾವು ಜಾಸ್ತಿ ನೆನೆಯುವುದೇ ಇಲ್ಲ.

5. ಆ ಕಡೆಯವರಿಗೆ ಕೇಳುತ್ತಿದ್ದುದು ಏನು?

ಟ್ರಿಂಗ್ ಟ್ರಿಂಗ್, ಆಮೇಲೆ ಮೌನ. ಇದಕ್ಕೂ ಲೆಕ್ಕ ಇದೆ: 0.4 ಸೆಕೆಂಡ್ ಗಂಟೆ, 0.2 ಬಿಡುವು, ಮತ್ತೆ 0.4 ಗಂಟೆ, ಆಮೇಲೆ 2 ಸೆಕೆಂಡ್ ಬಿಡುವು. ಕರೆ ಮಾಡಿದವರಿಗೂ ಇದೇ ತಾಳ ಕೇಳುತ್ತದೆ. ಆದರೆ ಅವರು ಕೇಳುವುದು ನಮ್ಮ ಜಗಲಿಯ ಗಂಟೆಯನ್ನಲ್ಲ. ಎಕ್ಸ್‌ಚೇಂಜ್ ಅವರಿಗಾಗಿ ಬೇರೆಯೇ ಒಂದು ದನಿ ಕಳಿಸುತ್ತದೆ.

ನಮ್ಮಲ್ಲಿ ಇದರಿಂದ ಎಷ್ಟು ಮನಸ್ತಾಪ ಆಗಿತ್ತು ಗೊತ್ತಾ? ಗಾಳಿಗೆ ಮರ ಬಿದ್ದು ತೋಟದ ಅಂಚಿನ ತಂತಿ ತುಂಡಾಗಿತ್ತು. ಬೆಂಗಳೂರಿನಲ್ಲಿದ್ದ ಅತ್ತೆಗೆ ಮಾತ್ರ ರಿಂಗ್ ಸರಿಯಾಗಿ ಕೇಳುತ್ತಿತ್ತು. "ಹತ್ತು ಸಲ ಮಾಡಿದೆ, ಒಬ್ಬರೂ ಎತ್ತಲಿಲ್ಲ" ಎಂದು ಅತ್ತೆ ಕಣ್ಣೀರು ಹಾಕಿದ್ದರು. ನಾವೆಲ್ಲ ಫೋನಿನ ಪಕ್ಕದಲ್ಲೇ ಕೂತಿದ್ದೆವು.

6. ಮತ್ತೆ ಹೊಡೆಸಬೇಕೆ?

ಮನೆಗೆ ಫೈಬರ್ ಇಂಟರ್ನೆಟ್ ಸಂಪರ್ಕ ಇದ್ದರೆ ಅದರ ಜೊತೆ ಗೋಡೆಗೆ ಅಥವಾ ಮೇಜಿಗೆ ಹಾಕಿದ ಪೆಟ್ಟಿಗೆಯ (ಮೋಡೆಮ್) ಹಿಂದೆ ಫೋನಿನ ಕಿಂಡಿ ನೋಡಿ. ಆ ಸೇವೆ ಚಾಲೂ ಇದ್ದರೆ ಹಳೇ ಫೋನನ್ನು ಅಲ್ಲಿ ಜೋಡಿಸಬಹುದು. ಗಂಟೆಯ ವೋಲ್ಟೇಜನ್ನು ಈಗ ಆ ಪೆಟ್ಟಿಗೆಯೇ ಮಾಡುತ್ತದೆ. ಡಯಲ್ ತಿರುಗಿಸಿ ಕರೆ ಮಾಡಲು ಎಲ್ಲ ಪೆಟ್ಟಿಗೆಗಳಲ್ಲೂ ಆಗುವುದಿಲ್ಲ, ಬಂದ ಕರೆ ಎತ್ತಬಹುದು. ಗಂಟೆಯ ದನಿ ತೀರಾ ಸಣ್ಣದಿದ್ದರೆ ಅದೇ ಲೈನಿಗೆ ಜೋಡಿಸಿದ ಬೇರೆ ಫೋನುಗಳ ಸಂಪರ್ಕ ಬಿಡಿಸಿ ನೋಡಿ. ಪೆಟ್ಟಿಗೆಯ ಶಕ್ತಿ ಕಡಿಮೆ, ಎಲ್ಲ ಫೋನಿಗೂ ಹಂಚಲು ಸಾಲುವುದಿಲ್ಲ.

ಆದರೆ ಕರೆಂಟ್ ಹೋದರೆ ಪೆಟ್ಟಿಗೆ ಆರಿಹೋಗುತ್ತದೆ, ಗಂಟೆಯೂ ನಿಲ್ಲುತ್ತದೆ. ಅದಕ್ಕೆ ಮಳೆಗಾಲ ಶುರುವಾಗುವ ಮೊದಲೇ ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ಹಾಕಿಸಿಕೊಳ್ಳಿ.