ಇಡಿ ಹಚ್ಚಲು ಆದೇಶ ಸಂಧಿ ಸಾಕು: ನನ್ನ ಅನುಭವ

ಇಂಗ್ಲಿಷ್ ವರ್ಬಿನ ಕೊನೆಗೆ ಇಡಿ (-ed) ಹಚ್ಚುವುದನ್ನು ನಾನು ಕನ್ನಡದ ಆದೇಶ ಸಂಧಿಯ ಮೂಲಕ, ವರ್ಬ್ ಬರೆದ ಚೀಟಿಗಳನ್ನು ಇಟ್ಟುಕೊಂಡು ಹೇಳಿಕೊಡುತ್ತೇನೆ. ಇಂಗ್ಲಿಷ್ ಪಾಠಕ್ಕೆ ಕನ್ನಡ ಸಂಧಿ ತಂದರೆ ಎರಡೂ ಕೆಡುತ್ತವೆ ಎಂದವರೇ ಈಗ ನನ್ನ ಚೀಟಿಗಳ ನಕಲು ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ವರ್ಬ್ ಅಂದರೇನು, ಟೆನ್ಸ್ ಎಷ್ಟು ಅನ್ನುವುದು ಪಾಠ ಮಾಡುವವರಿಗೆಲ್ಲ ಗೊತ್ತಿರುವುದೇ, ಅದಕ್ಕೆ ಕೈ ಹಾಕುವುದಿಲ್ಲ.

ಮೊದಲು ಕೈಬಿಡಬೇಕಾದದ್ದು ವರ್ಬಿನ ಮೂರು ರೂಪಗಳ ವಿ ಒನ್, ವಿ ಟೂ, ವಿ ತ್ರೀ ಪಟ್ಟಿ. ರೆಗ್ಯುಲರ್, ಅಂದರೆ ಇಡಿ ಹಚ್ಚುವ ವರ್ಬಿನಲ್ಲಿ ಎರಡನೆಯದೂ ಮೂರನೆಯದೂ ಒಂದೇ. ಅದನ್ನು ಗೋ, ವೆಂಟ್, ಗಾನ್ ಜೊತೆ ಒಂದೇ ಪಟ್ಟಿಯಲ್ಲಿ ಸೇರಿಸಿದರೆ ನಿಯಮ ಇರುವುದಕ್ಕೂ ಬಾಯಿಪಾಠ, ಇಲ್ಲದ್ದಕ್ಕೂ ಬಾಯಿಪಾಠ. ಬಣ್ಣದ ಚಾರ್ಟು, ಲ್ಯಾಮಿನೇಟ್ ಮಾಡಿಸಿದ ಕಾರ್ಡು, ಚಂದಾ ಕಟ್ಟುವ ಆ್ಯಪ್ ಇವಕ್ಕೆ ಸುರಿದ ದುಡ್ಡೆಲ್ಲ ಗೋಡೆಗೆ ಅಲಂಕಾರವಾಯಿತೇ ಹೊರತು ಯಾರ ಬಾಯಲ್ಲೂ ವರ್ಬ್ ನೆಟ್ಟಗಾಗಲಿಲ್ಲ. ಈಗಿನ ಖರ್ಚು ನೋಟ್‌ಬುಕ್ಕಿನ ನಾಲ್ಕು ಹಾಳೆ, ಒಂದು ಕತ್ತರಿ.

ಚೀಟಿಗೆ ಸುಮಾರು 90 ವರ್ಬ್ ಆರಿಸಿಕೊಳ್ಳಿ, ಎಲ್ಲವೂ ರೆಗ್ಯುಲರ್. ಬರೆಯುವುದು ಕನ್ನಡ ಲಿಪಿಯಲ್ಲಿ, ಕಿವಿಗೆ ಕೇಳಿದ ಹಾಗೆ. ಇಂಗ್ಲಿಷ್ ಸ್ಪೆಲಿಂಗ್ ಕಣ್ಣಿಗೆ ಬಿದ್ದ ಕೂಡಲೇ ವಾಕೆಡ್, ಆಸ್ಕೆಡ್ ಶುರುವಾಗುತ್ತದೆ. ಆಮೇಲೆ ಕೊನೆಯ ಧ್ವನಿ ನೋಡಿ ಮೂರು ರಾಶಿ ಮಾಡಿಸಿ. ಕೊನೆಯಲ್ಲಿ ಕ, ಪ, ಚ, ಸ, ಶ, ಫ ಇದ್ದರೆ ಇಡಿಯ ಉಚ್ಚಾರ ಟ್: ವಾಕ್ಟ್, ಹೆಲ್ಪ್ಟ್, ವಾಚ್ಟ್, ವಾಶ್ಟ್, ಲಾಫ್ಟ್. ಸ್ವರ, ಅನುನಾಸಿಕ, ಲ, ರ, ವ, ಗ, ಬ, ಜ ಇದ್ದರೆ ಡ್: ಪ್ಲೇಡ್, ಕ್ಲೀನ್ಡ್, ಕಾಲ್ಡ್, ಲಿವ್ಡ್, ಬೆಗ್ಡ್. ಮೊದಲೇ ಟ ಅಥವಾ ಡ ಇದ್ದರೆ ಮಾತ್ರ ಇಡ್: ವಾಂಟಿಡ್, ನೀಡಿಡ್.

ಇನ್ನು ಆದೇಶ ಸಂಧಿ: ಮಳೆ ಜೊತೆ ಕಾಲ ಸೇರಿದರೆ ಮಳೆಗಾಲ, ಕಣ್ ಜೊತೆ ಪನಿ ಸೇರಿದರೆ ಕಂಬನಿ. ಹಿಂದೆ ಸ್ವರವೋ ಅನುನಾಸಿಕವೋ ಇದ್ದರೆ ಮುಂದಿನ ಗಡಸು ಅಕ್ಷರ ಮೆತ್ತಗಾಗುತ್ತದೆ. ಪ್ಲೇ, ಕ್ಲೀನ್ ಮುಂದೆ ಡ್ ಬರುವುದೂ ಇದೇ ದಿಕ್ಕಿನ ಎಳೆತ. ಆದೇಶ ಸಂಧಿ ಓದಿದವರು ಈ ರಾಶಿಗಳನ್ನು ಒಂದೇ ತರಗತಿಯಲ್ಲಿ ಬೇರ್ಪಡಿಸುತ್ತಾರೆ. ಯೂಸ್, ಕ್ಲೋಸ್, ರೇಸ್ (ಎತ್ತುವ ರೇಸ್, ಓಟದ್ದಲ್ಲ) ಥರದವು ಮಾತ್ರ ಮೋಸ ಮಾಡುತ್ತವೆ. ಕೊನೆಗೆ ಕೇಳುವುದು ಸ ಅಲ್ಲ, ಇಂಗ್ಲಿಷ್ z ಧ್ವನಿಯಾದ ಜ಼, ಆದ್ದರಿಂದ ಡ್ ರಾಶಿ. ಪ್ರಾಮಿಸ್, ಇನ್‌ಕ್ರೀಸ್ ಟ್ ರಾಶಿಗೆ. ಚೀಟಿಗಳನ್ನು ಯಾವ ಕ್ರಮದಲ್ಲಿ ಕೈಗೆ ಕೊಡುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಬಂಡವಾಳ.

ಮುಂದಿನ ತೊಡಕು ನಾಲಿಗೆಯದು. ಅಚ್ಚಗನ್ನಡ ಪದ ಸ್ವರದಲ್ಲಿ ಮುಗಿಯುತ್ತದೆ, ಹಾಗಾಗಿ ಆಸ್ಕ್ಟ್ ಬಾಯಿಗೆ ಬಂದರೆ ಆಸ್ಕ್ಡು ಆಗುತ್ತದೆ. ಕೊನೆಯ ಉಕಾರ ಬಿಡಿ ಎಂದು ಗದರಿದರೆ ಬಿಡುವುದಿಲ್ಲ. ಸ್ವರದಿಂದ ಶುರುವಾಗುವ ಪದವನ್ನು ಮುಂದೆ ಜೋಡಿಸಿ: ಲುಕ್ಟ್ ಆ್ಯಟ್ ಅನ್ನುವುದನ್ನು ಲುಕ್-ಟ್ಯಾಟ್, ವರ್ಕ್ಟ್ ಆನ್ ಅನ್ನುವುದನ್ನು ವರ್ಕ್-ಟಾನ್ ಎಂದು ಹೇಳಿಸಿ. ಉಕಾರಕ್ಕೆ ಜಾಗವೇ ಉಳಿಯುವುದಿಲ್ಲ. ಇದು ಕೂತ ಮೇಲೆ ಮುಂದಿನ ಪದ ತೆಗೆದುಹಾಕಿ.

ವರ್ಬಿನ ಕೊನೆಗೆ ಹಚ್ಚುವ ಎಸ್ (-s) ವಿಷಯಕ್ಕೂ ಅದೇ ರಾಶಿಗಳು ಬರುತ್ತವೆ, ಸ್ವಲ್ಪ ಬದಲಾವಣೆಯೊಂದಿಗೆ. ಸ, ಜ಼, ಶ, ಚ, ಜ ಕೊನೆಗಿದ್ದರೆ ಇಜ಼್: ವಾಚಿಜ಼್, ವಾಶಿಜ಼್. ಟ, ಡ ಇಲ್ಲಿ ಬೇರೆ ರಾಶಿ ಆಗುವುದಿಲ್ಲ, ವಾಂಟ್ಸ್, ನೀಡ್ಜ಼್ ಅಷ್ಟೇ. ಜ಼ಕಾರಕ್ಕಾಗಿ ಜಗಳ ಬೇಡ. ಅದನ್ನು ತಿದ್ದಲು ಹೋದರೆ ಜ ಕೇಳಿಸುತ್ತದೆ, ಅದಕ್ಕಿಂತ ಸ್ ವಾಸಿ. ನಿಜವಾದ ತಪ್ಪು ಎಸ್ ಬಿಟ್ಟುಹೋಗುವುದು, ಇಲ್ಲವೇ ಬಾಯ್ಸ್ ಪ್ಲೇಸ್ ಎಂದು ಎರಡು ಕಡೆ ಅಂಟುವುದು. ಒಂದೇ ಎಸ್, ಒಂದೋ ಕರ್ತೃವಿಗೆ ಇಲ್ಲವೇ ವರ್ಬಿಗೆ. ಚಿಲ್ಡ್ರನ್, ಪೀಪಲ್ ಈ ಸೂತ್ರಕ್ಕೆ ಸಿಗುವುದಿಲ್ಲ, ಅವನ್ನು ಬೇರೆ ಇಡಿ.

ಡಿಡಂಟ್ ವರ್ಕ್ಟ್, ಡಸ್ ಹಿ ವರ್ಕ್ಸ್ ಅನ್ನುವ ರೋಗಕ್ಕೂ ಮದ್ದು ಕನ್ನಡದಲ್ಲೇ ಇದೆ. ಮಾಡಿದನು, ಮಾಡಿದಳು ಎನ್ನುವವರು ‘ಇಲ್ಲ’ ಬಂದ ಕೂಡಲೇ ಎಲ್ಲರಿಗೂ ಮಾಡಲಿಲ್ಲ ಎನ್ನುತ್ತಾರೆ. ಮಾಡಿದನಿಲ್ಲ ಅನ್ನುವವರಿಲ್ಲ. ಡಿಡ್, ಡಸ್ ಬಂದಾಗ ವರ್ಬಿನ ಬಾಲ ಬಿದ್ದುಹೋಗುವುದೂ ಹೀಗೇ. ಪಾಠವನ್ನು ನೆಗೆಟಿವ್‌ನಿಂದಲೇ ಶುರು ಮಾಡಿ ನೋಡಿದ್ದೂ ಉಂಟು: ಡಿಡ್ ನಾಟ್ ವರ್ಕ್ ಮೊದಲು, ಆಮೇಲೆ ಡಿಡ್ ನಾಟ್ ತೆಗೆದರೆ ವರ್ಕ್ಟ್. ದೊಡ್ಡವರಲ್ಲಿ ಚೆನ್ನಾಗಿ ಹಿಡಿಯಿತು, ಹತ್ತರಲ್ಲಿ ಏಳೆಂಟು ಮಂದಿ ಡಿಡ್ ತಪ್ಪು ಬಿಟ್ಟರು. ಚಿಕ್ಕ ಮಕ್ಕಳಿಗೆ ಮಾತ್ರ ಗೊಂದಲವಾಯಿತು, ಅವರಿಗೆ ಇದು ಬೇಡ.

ಸ್ಪೆಲಿಂಗ್ ಕೊನೆಯ ವಾರಕ್ಕೆ. ಒಂದು ವ್ಯಂಜನ, ಒಂದು ಸ್ವರ, ಒಂದು ವ್ಯಂಜನದಲ್ಲಿ ಮುಗಿಯುವ ಚಿಕ್ಕ ಪದಕ್ಕೆ ಇಡಿ ಹಚ್ಚುವಾಗ ಕೊನೆ ಅಕ್ಷರ ಜೋಡಿ: ಸ್ಟಾಪ್‌ಗೆ ಎರಡು ಪಿ, ಪ್ಲಾನ್‌ಗೆ ಎರಡು ಎನ್. ಡಬ್ಲ್ಯೂ, ಎಕ್ಸ್, ವೈ ಎಂದೂ ಜೋಡಿಯಾಗುವುದಿಲ್ಲ, ಫಿಕ್ಸ್ ಫಿಕ್ಸೇ. ಎರಡು ಉಚ್ಚಾರಾಂಶದ ಪದದಲ್ಲಿ ಒತ್ತು ಕೊನೆಗೆ ಬಿದ್ದರೆ ಜೋಡಿ, ಇಲ್ಲದಿದ್ದರೆ ಇಲ್ಲ. ಒತ್ತು ಕೇಳಿಸದ ಕಿವಿಗೆ ಈ ನಿಯಮ ದಂಡ. ಅದರ ಬದಲು ಅಡ್ಮಿಟ್, ಪರ್ಮಿಟ್, ಪ್ರಿಫರ್, ರೆಫರ್, ಅಕರ್, ರಿಗ್ರೆಟ್, ಕಮಿಟ್, ಕಂಟ್ರೋಲ್ ಇಷ್ಟಕ್ಕೆ ಜೋಡಿ, ವಿಸಿಟ್, ಓಪನ್, ಆಫರ್, ಲಿಸನ್ ಬಳಗಕ್ಕೆ ಒಂಟಿ ಎಂದು ಬರೆಸಿ. ಟ್ರಾವೆಲ್‌ಗೆ ಬ್ರಿಟಿಷರು ಎರಡು ಎಲ್, ಅಮೆರಿಕನ್ನರು ಒಂದು. ಯಾವುದಾದರೂ ಸರಿ, ಬೆರೆಸಬಾರದು.

ವೈ ಹಿಂದೆ ವ್ಯಂಜನ ಇದ್ದರೆ ವೈ ಹೋಗಿ ಐ ಬರುತ್ತದೆ. ಸ್ಟಡಿ, ಕ್ರೈ, ಟ್ರೈ ಎಲ್ಲಕ್ಕೂ ಇದು ಸಲ್ಲುತ್ತದೆ. ಪ್ಲೇ, ಎಂಜಾಯ್‌ಗೆ ಬೇಡ. ಆದರೆ ಇಂಗ್ ಹಚ್ಚುವಾಗ ವೈ ಅಲ್ಲಾಡುವುದಿಲ್ಲ. ಸ್ಟಡಿಯಿಂಗ್ ಬರೆಯುವಾಗ ವೈ ಎಗರಿಸುವವರ ಸಂಖ್ಯೆ ದೊಡ್ಡದು, ಅಲ್ಲಿ ಎರಡು ಸಲ ಬರೆಸಿ. ಡೈ, ಟೈ, ಲೈ ಉಲ್ಟಾ, ಐ ಇ ಹೋಗಿ ವೈ. ಬಟ್ಟೆಗೆ ಬಣ್ಣ ಹಾಕುವ ಡೈ ಮಾತ್ರ ತನ್ನ ಇ ಬಿಡುವುದಿಲ್ಲ, ಬಿಟ್ಟರೆ ಸಾಯುತ್ತಿದೆ ಎಂದಾಗುತ್ತದೆ. ಪ್ಯಾನಿಕ್‌ಗೆ ಇಡಿಗೂ ಮುಂಚೆ ಕೆ ಸೇರಿಸಬೇಕು. ನೇಕಿಡ್, ವಿಕಿಡ್, ವಿದ್ವಾಂಸರಿಗೆ ಹೇಳುವ ಲರ್ನಿಡ್ ಇವು ವಿಶೇಷಣ. ಟ, ಡ ಇಲ್ಲದೆಯೂ ಇಡ್ ಕೇಳುವ ಇಂಥವನ್ನು ಚೀಟಿಯ ಕಟ್ಟಿಗೆ ಸೇರಿಸಲೇಬೇಡಿ, ಯಾರಾದರೂ ಕೇಳಿದ ದಿನ ಹೇಳಿದರಾಯಿತು.