ಡೋಲಿನ ಅಬ್ಬರದ ನಡುವೆ ರೆಸೊನೇಟರ್ ಗಿಟಾರ್ ಕೇಳಿಸುವುದು ಹೇಗೆ?

ರೆಸೊನೇಟರ್ ಗಿಟಾರ್ ಹುಟ್ಟಿದ್ದೇ ಜೋರಾಗಿ ಕೇಳಿಸಲೆಂದು. 1920ರ ದಶಕದ ಅಮೆರಿಕದ ನೃತ್ಯ ಬ್ಯಾಂಡ್‌ಗಳಲ್ಲಿ ಸ್ಯಾಕ್ಸೊಫೋನ್, ಟ್ರಂಪೆಟ್‌ಗಳ ಮುಂದೆ ಮರದ ಗಿಟಾರ್‌ನ ದನಿ ಅಡಗಿಹೋಗುತ್ತಿತ್ತು. ವಾದಕ ಜಾರ್ಜ್ ಬೀಚಮ್ ಇದಕ್ಕೆ ಪರಿಹಾರ ಹುಡುಕುತ್ತಿದ್ದರು. ವಾದ್ಯ ತಯಾರಕ ಜಾನ್ ಡೋಪಿಯೆರ ಕುದುರೆಯ (ತಂತಿಗಳನ್ನು ಹೊರುವ ಬ್ರಿಜ್) ಕೆಳಗೆ ತೆಳು ಅಲ್ಯೂಮಿನಿಯಂ ಕೋನ್‌ಗಳನ್ನು ಕೂರಿಸಿ ಅದನ್ನು ಒದಗಿಸಿದರು. 1927ರಲ್ಲಿ ನ್ಯಾಷನಲ್ ಕಂಪನಿಯ ಮೂರು ಕೋನ್‌ಗಳ ಗಿಟಾರ್ ಬಂತು. ಮರುವರ್ಷ ಡೋಪಿಯೆರ ಸಹೋದರರ ಡೋಬ್ರೊ ಎಂಬ ರೆಸೊನೇಟರ್ ಗಿಟಾರ್ ಬಂತು. ಇಂದಿನ ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಬೇಸ್ ಎದುರು ಆ ಕೋನ್‌ನ ಬಲವೂ ಸಾಲದು. ವಿದ್ಯುತ್ತಿನ ನೆರವು ಬೇಕೇ ಬೇಕು. ಆದರೆ ಕೋನ್‌ನ ಲೋಹದ ನಾದವನ್ನು ಕೊಂದು ಶಬ್ದವನ್ನಷ್ಟೇ ಹೆಚ್ಚಿಸುವುದಾದರೆ ಈ ವಾದ್ಯವನ್ನು ವೇದಿಕೆಗೆ ತರುವ ಅಗತ್ಯವೇ ಇಲ್ಲ.

ಮೊದಲು ವಾದ್ಯ

ಪಿಕಪ್ (ವಾದ್ಯದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಕೊಳ್ಳುವ ಮುನ್ನ ನಿಮ್ಮ ಗಿಟಾರ್‌ನ ಒಳರಚನೆ ತಿಳಿದಿರಲಿ. ನ್ಯಾಷನಲ್ ಮಾದರಿಯ ಒಂಟಿ ಕೋನ್‌ನ ತುದಿಯಲ್ಲಿ ಬಿಸ್ಕತ್ತಿನಾಕಾರದ ಮರದ ತುಂಡಿದ್ದು, ಕುದುರೆ ಅದರ ಮೇಲೆ ನಿಲ್ಲುತ್ತದೆ. ಡೋಬ್ರೊದಲ್ಲಿ ಎಂಟು ಕಾಲುಗಳ, ಜೇಡದಾಕಾರದ ಲೋಹದ ಚೌಕಟ್ಟು ಕುದುರೆಯನ್ನು ಹೊರುತ್ತದೆ. ಒಂದಕ್ಕೆ ತಯಾರಾದ ಪಿಕಪ್ ಇನ್ನೊಂದಕ್ಕೆ ಹೊಂದುವುದಿಲ್ಲ. ಬಿಸ್ಕತ್ತಿನ ಕೋನ್ ತಂತಿಗಳ ಒತ್ತಡದಿಂದಲೇ ತನ್ನ ಜಾಗದಲ್ಲಿ ನಿಂತಿರುತ್ತದೆ, ಅಲುಗಿದರೆ ಮತ್ತೆ ಸರಿಯಾಗಿ ಕೂರಿಸುವುದು ಕಷ್ಟ. ಬೆರಳು ಒತ್ತಿದರೂ ತಗ್ಗು ಬೀಳುವಷ್ಟು ಅದು ತೆಳು. ಹಾಗಾಗಿ ಜೋಡಣೆಯನ್ನು ಅನುಭವಿ ಗಿಟಾರ್ ತಂತ್ರಜ್ಞರಿಗೆ ಬಿಡಿ. ಕೋನ್ ಮೇಲಿನ ಮುಚ್ಚಳದ ಸ್ಕ್ರೂ ಸಡಿಲವಾಗಿದ್ದರೆ ಅದನ್ನೂ ಆಗಲೇ ಬಿಗಿಗೊಳಿಸಿ. ಮನೆಯಲ್ಲಿ ಗಮನಕ್ಕೆ ಬಾರದ ಕಿರುಗಂಪನ ಸ್ಪೀಕರ್‌ನಲ್ಲಿ ಗರಗರ ಎನ್ನುತ್ತದೆ.

ಪಿಕಪ್ ಮತ್ತು ಪ್ರಿಆಂಪ್

ಕುದುರೆಯಲ್ಲಿ ಕೂರುವ ಪೀಜೊ ಪಿಕಪ್ ಕಂಪನವನ್ನು ನೇರವಾಗಿ ಹಿಡಿಯುತ್ತದೆ. ಅಕ್ಕಪಕ್ಕದ ಡ್ರಮ್ಸ್ ಅದಕ್ಕೆ ಅಷ್ಟಾಗಿ ಕೇಳಿಸದು. ಕತ್ತಿನ ಬಳಿ ಅಂಟಿಸುವ ತೆಳು ಮ್ಯಾಗ್ನೆಟಿಕ್ ಪಿಕಪ್ ಗದ್ದಲವನ್ನು ಇನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಅದು ಕೇಳುವುದು ತಂತಿಯನ್ನು, ಕೋನನ್ನಲ್ಲ. ನಾದ ಎಲೆಕ್ಟ್ರಿಕ್ ಗಿಟಾರ್‌ನತ್ತ ವಾಲುತ್ತದೆ. ಒಂದನ್ನೇ ಆರಿಸಬೇಕಾದರೆ ನನ್ನ ಮತ ಪೀಜೊಗೆ.

ಪೀಜೊವನ್ನು ನೇರವಾಗಿ ಮಿಕ್ಸರ್‌ಗೆ ಚುಚ್ಚಬೇಡಿ. ಕನಿಷ್ಠ 1 ಮೆಗಾಓಮ್ ಇನ್‌ಪುಟ್ ಪ್ರತಿರೋಧ ಇರುವ ಪ್ರಿಆಂಪ್ (ಪಿಕಪ್‌ನ ಕ್ಷೀಣ ಸಂಕೇತವನ್ನು ಬಲಪಡಿಸುವ ಸಾಧನ) ನಡುವೆ ಇರಲಿ. ಇಲ್ಲದಿದ್ದರೆ ಮಂದ್ರದ ತೂಕ ಕರಗಿ ದನಿ ಕೀರಲಾಗುತ್ತದೆ. ಸ್ಟುಡಿಯೊ ಮೈಕಿನ ನಾದವನ್ನು ಡಿಜಿಟಲ್ ಆಗಿ ಮರಳಿ ಬೆರೆಸುವ ಪೆಡಲ್‌ಗಳೂ ಇವೆ. ಡೋಬ್ರೊ ವಾದಕ ಜೆರ್ರಿ ಡಗ್ಲಸ್ ಹೆಸರಿನಲ್ಲಿ ಫಿಶ್‌ಮನ್ ಕಂಪನಿ ತಂದ ಆರಾ ಪೆಡಲ್ ಈ ಬಗೆಯದು. ಮೈಕ್ ಇಡಲು ಸಾಧ್ಯವೇ ಇಲ್ಲದಷ್ಟು ಗದ್ದಲದ ವೇದಿಕೆಗೆ ಇದು ನಿಜವಾದ ಉತ್ತರ.

ಮೈಕ್ ಬಿಡಬೇಡಿ

ಗದ್ದಲ ಮಿತಿಯಲ್ಲಿದ್ದರೆ ಪಿಕಪ್ ಜೊತೆ ಮೈಕ್ ಸೇರಿಸಿ. ಶ್ಯೂರ್ ಎಸ್‌ಎಂ57ರಂತಹ ಡೈನಾಮಿಕ್ ಮೈಕ್ ಸಾಕು. ಮುಚ್ಚಳದಿಂದ 10ರಿಂದ 15 ಸೆಂಟಿಮೀಟರ್ ದೂರದಲ್ಲಿ, ನಡುವಿಗಿಂತ ಅಂಚಿನತ್ತ ಗುರಿಯಿಟ್ಟು ನಿಲ್ಲಿಸಿ. ನಡುವಿಗೆ ಗುರಿಯಿಟ್ಟರೆ ದನಿ ಕರ್ಕಶವಾಗಬಹುದು. ಬೆರಳಷ್ಟು ಸರಿಸಿ, ಕೇಳಿ, ಮತ್ತೆ ಸರಿಸಿ. ಈ ಹೊತ್ತನ್ನು ಉಳಿಸಲು ಹೋಗಬೇಡಿ. ಇಲ್ಲಿ ಸಿಕ್ಕ ನಾದವನ್ನು ಆಮೇಲೆ ಯಾವ ಗುಂಡಿಯೂ ಕೊಡಲಾರದು.

ಪಿಕಪ್, ಮೈಕ್ ಎರಡರ ಚಾನೆಲ್‌ಗಳನ್ನೂ ತೆರೆದು ದಪ್ಪ ತಂತಿಯನ್ನು ಮೀಟಿ. ದನಿ ಟೊಳ್ಳಾದರೆ ಪ್ರಿಆಂಪ್‌ನ ಫೇಸ್ ಗುಂಡಿಯನ್ನು (ದನಿತರಂಗವನ್ನು ತಲೆಕೆಳಗಾಗಿಸುವುದು) ಬದಲಿಸಿ, ತುಂಬಿಕೊಂಡ ಸ್ಥಿತಿಯಲ್ಲಿ ಬಿಡಿ. ಮಂದ್ರದ ಗಟ್ಟಿತನ ಪಿಕಪ್‌ನಿಂದ, ಲೋಹದ ಹೊಳಪು ಮೈಕಿನಿಂದ ಬರಲಿ.

ಕೂಗಾಟ ತಡೆಯುವುದು

ಎಲ್ಲರೂ ಎಡವುವುದು ಇಲ್ಲಿ. ತಂತಿ ಅಲುಗಿಸಿದಾಗ ನಾದ ಹೊಮ್ಮಿಸುವ ಕೋನ್, ಮಾನಿಟರ್‌ನ (ವಾದಕರಿಗೆ ತಮ್ಮ ದನಿ ಕೇಳಿಸುವ ವೇದಿಕೆಯ ಸ್ಪೀಕರ್) ಶಬ್ದ ಬಡಿದಾಗಲೂ ಅಲುಗುತ್ತದೆ. ಆ ಅಲುಗಾಟವನ್ನು ಪಿಕಪ್ ಹಿಡಿದು ಮತ್ತೆ ಮಾನಿಟರ್‌ಗೆ ಕಳಿಸುತ್ತದೆ, ಸುತ್ತು ಬೆಳೆದು ಊಳಿಡುತ್ತದೆ. ಆದ್ದರಿಂದ ಮೈಕಿನ ದನಿ ಸಭಿಕರ ಸ್ಪೀಕರ್‌ಗೆ ಮಾತ್ರ ಹೋಗಲಿ. ನಿಮ್ಮ ಮಾನಿಟರ್‌ಗೆ ಪಿಕಪ್ ಒಂದೇ, ಅದೂ ಅಗತ್ಯದಷ್ಟೇ. ಎಸ್‌ಎಂ57ರಂತಹ ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದಿನದನ್ನು ಕಡಿಮೆ ಕೇಳುತ್ತದೆ, ಮಾನಿಟರ್ ಆ ಕಡೆ ಇರಲಿ. ಇಯರ್‌ಫೋನ್ ಮಾನಿಟರ್ ಸಿಕ್ಕರೆ ಈ ತಲೆನೋವು ಬಹುಪಾಲು ತಪ್ಪುತ್ತದೆ.

ಆರು ತಂತಿಗಳಿಗೆ ಜಿ-ಬಿ-ಡಿ-ಜಿ-ಬಿ-ಡಿ ಶ್ರುತಿಯ ಡೋಬ್ರೊದ ಅತಿ ಕೆಳಗಿನ ಸ್ವರ ಸುಮಾರು 98 ಹರ್ಟ್ಸ್. ಹಾಗಾಗಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ನಷ್ಟವಿಲ್ಲ, ಬೇಸ್‌ಗೂ ಜಾಗ ಸಿಗುತ್ತದೆ. ನ್ಯಾಷನಲ್ ಗಿಟಾರ್‌ನ ಕೆಳತಂತಿಯನ್ನು ಡಿ ಸ್ವರಕ್ಕೆ ಇಳಿಸಿದ್ದರೆ ಅದು 73 ಹರ್ಟ್ಸ್ ಮುಟ್ಟುತ್ತದೆ. ಆಗ ಕತ್ತರಿಯನ್ನು 60ರ ಸುಮಾರಿಗೆ ಇಳಿಸಿ. ಬಳಿಕ ಶಬ್ದವನ್ನು ನಿಧಾನವಾಗಿ ಏರಿಸಿ. ಯಾವ ಸ್ವರ ಮೊದಲು ಗುಂಯ್‌ಗುಡುತ್ತದೋ ಅದನ್ನಷ್ಟೇ ನಾಚ್ ಫಿಲ್ಟರ್‌ನಿಂದ (ಒಂದು ಕಿರಿದಾದ ಆವರ್ತನವನ್ನು ಮಾತ್ರ ಕತ್ತರಿಸುವ ಫಿಲ್ಟರ್) ತಗ್ಗಿಸಿ. ಎರಡು ಮೂರು ಕಡೆ ತಗ್ಗಿಸಿದರೂ ಕೂಗು ನಿಲ್ಲದಿದ್ದರೆ ಮಾನಿಟರ್ ಜೋರಾಗಿದೆ ಎಂದೇ ಅರ್ಥ.

ದನಿ ಪರೀಕ್ಷೆಯನ್ನು ಇಡೀ ಬ್ಯಾಂಡ್ ನುಡಿಸುವಾಗಲೇ ಮುಗಿಸಿ. ಒಂಟಿಯಾಗಿ ಸೊಗಸಾಗಿ ಕೇಳುವ ತುಂಬು ನಾದ ಗುಂಪಿನಲ್ಲಿ ಮಸುಕಾಗುತ್ತದೆ. ಆಗ ಗಿಟಾರ್ ಏರಿಸುವ ಬದಲು ಎಲೆಕ್ಟ್ರಿಕ್ ಗಿಟಾರ್, ಕೀಬೋರ್ಡ್‌ಗಳ ಮಧ್ಯದ ಸ್ತರವನ್ನು ಕೊಂಚ ಇಳಿಸಲು ಸಹವಾದಕರನ್ನು ಕೇಳಿ. ಪ್ರಿಆಂಪ್‌ಗೆ ಹೊಸ ಬ್ಯಾಟರಿ ಹಾಕಿ, ಜೊತೆಗೊಂದು ಹೆಚ್ಚುವರಿ ಇಟ್ಟುಕೊಳ್ಳಿ. ತಂತಿ ಬದಲಿಸಲು ಕೇಬಲ್ ಕೀಳುವ ಮುನ್ನ ಚಾನೆಲ್ ಮುಚ್ಚುವಂತೆ ಸೌಂಡ್ ಎಂಜಿನಿಯರ್‌ಗೆ ಸನ್ನೆ ಮಾಡಿ.